ಹಲ್ಲಿನ ಕತ್ತಿ, ಕಬ್ಬಿಣದ ಊರು

ಶಿವಮೊಗ್ಗದಲ್ಲಿ ಭದ್ರಾವತಿ ಬಸ್ ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ಇಳಿಯಬಹುದು. ಒಂದು ತುಂಗೆಯ ದಡದ ಊರು, ಇನ್ನೊಂದು ಭದ್ರೆಯ ದಡದ ಊರು. ಶಿವಮೊಗ್ಗ ಸೀಮೆ ಎಂದರೆ ಹೊರಗಿನವರಿಗೆ ಗಂಧದ ಕೆತ್ತನೆ, ಸಕ್ರೆಬೈಲಿನ ಆನೆ ನೆನಪಾಗುತ್ತವೆ. ಭದ್ರಾವತಿ ಎಂದರೆ ಕಬ್ಬಿಣ. ದಂತ ಮತ್ತು ಕಬ್ಬಿಣ, ಇವೆರಡೂ ಮನುಷ್ಯ ಕತ್ತಿ ಮಾಡಲು ಬಳಸಿದ ವಸ್ತುಗಳು. ಈ ಬರಹ ಅವೆರಡರ ಬಗ್ಗೆ.

ಆದರೆ ಕತೆ ಶುರುವಾಗುವುದು ಇಲ್ಲಿಂದ ಬಹಳ ದೂರ, ಭೂಮಿಯ ಉತ್ತರದ ತುದಿಯಲ್ಲಿ. ಅಲ್ಲಿನ ಇನುಯಿಟ್ ಜನ ವಾಲ್ರಸ್ ಎಂಬ ಕಡಲಪ್ರಾಣಿಯ ದಂತದಲ್ಲಿ ಕತ್ತಿ ಕೆತ್ತುತ್ತಿದ್ದರು. ಹಿಡಿಯಷ್ಟೇ ಅಲ್ಲ, ಅಲಗೂ ದಂತದ್ದೇ. ಅಂಥ ಹಳೆಯ ಕತ್ತಿಗಳು ಈಗ ದೊಡ್ಡ ದೊಡ್ಡ ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯಲ್ಲಿವೆ. ಹಲ್ಲಿನಲ್ಲಿ ಕತ್ತಿ ಯಾಕೆ ಮಾಡಿದರು? ಅದಕ್ಕೂ ನಮ್ಮ ಜಿಲ್ಲೆಗೂ ಏನು ಸಂಬಂಧ? ನಾವು ಈ ಎರಡು ಪ್ರಶ್ನೆ ಹಿಡಿದು ಹೊರಟೆವು. ಕೊನೆಗೆ ಬಂದು ನಿಂತದ್ದು ನಮ್ಮದೇ ಸಾಗರ, ಸೊರಬದ ಗುಡಿಗಾರರ ಮನೆ ಬಾಗಿಲಿಗೆ, ಮತ್ತು ನಮ್ಮ ನಿಮ್ಮ ಮನೆಯ ಅಟ್ಟದ ಮೇಲಿನ ಹಳೆ ಪೆಟ್ಟಿಗೆಯ ಹತ್ತಿರ.

ಮರವೂ ಇಲ್ಲ, ಕಬ್ಬಿಣವೂ ಇಲ್ಲ

ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಎಸ್ಕಿಮೊ ಎಂದು ಓದಿದ ಜನರಲ್ಲಿ ಹೆಚ್ಚಿನವರು ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುತ್ತಾರೆ. ಆ ಮಾತಿನ ಅರ್ಥ 'ಜನ' ಎಂದು. ಗ್ರೀನ್‌ಲ್ಯಾಂಡ್, ಕೆನಡಾದ ಉತ್ತರ ಭಾಗ, ಅಲಾಸ್ಕ ಇವರ ನೆಲ. ಅಲ್ಲಿ ಹೆಚ್ಚಿನ ಕಡೆ ಮರ ಬೆಳೆಯುವುದಿಲ್ಲ. ಸಮುದ್ರ ತಂದು ದಡಕ್ಕೆ ಹಾಕಿದ ತೇಲುಮರವೇ ಅವರಿಗೆ ದಿಮ್ಮಿ. ಅದಿರು ಕರಗಿಸಿ ಕಬ್ಬಿಣ ಮಾಡೋಣ ಎಂದರೆ ಇದ್ದಿಲಿಗೆ ಕಟ್ಟಿಗೆ ಬೇಕಲ್ಲ, ಅದೂ ಇಲ್ಲ.

ಹಾಗಾಗಿ ಕೈಗೆ ಸಿಕ್ಕಿದ್ದರಲ್ಲೇ ಕೆಲಸ ಆಗಬೇಕಿತ್ತು. ಕಲ್ಲು, ಕೊಂಬು, ತಿಮಿಂಗಿಲದ ಮೂಳೆ, ವಾಲ್ರಸ್ ದಂತ. ವಾಲ್ರಸ್ಸಿನಲ್ಲಿ ಗಂಡು ಹೆಣ್ಣು ಎರಡಕ್ಕೂ ದಂತ ಇರುತ್ತದೆ. ದೊಡ್ಡ ಗಂಡಿನ ದಂತ ಒಂದು ಮೀಟರ್‌ವರೆಗೂ ಬೆಳೆಯಬಹುದು. ಆ ಜನ ವಾಲ್ರಸ್ಸನ್ನು ದಂತಕ್ಕಾಗಿ ಮಾತ್ರ ಬೇಟೆಯಾಡಲಿಲ್ಲ. ಮಾಂಸ ಊಟಕ್ಕೆ ಮತ್ತು ನಾಯಿಗಳಿಗೆ, ಕೊಬ್ಬು ದೀಪಕ್ಕೆ, ಚರ್ಮ ದೋಣಿಗೆ ಮತ್ತು ಹಗ್ಗಕ್ಕೆ. ಕೊನೆಗೆ ಉಳಿದ ದಂತ ಸಾಮಾನಿಗೆ.

ದಂತದ ಕತ್ತಿಗಳಲ್ಲಿ ಮುಖ್ಯವಾದದ್ದು ಹಿಮದ ಕತ್ತಿ. ಉದ್ದನೆಯ, ಅಗಲವಾದ, ತುಸು ಬಾಗಿದ ಅಲಗು. ಗಟ್ಟಿಯಾಗಿ ಕೂತ ಹಿಮವನ್ನು ಇದರಿಂದ ಇಟ್ಟಿಗೆಯಂತೆ ಕೊಯ್ದು, ಒಂದರ ಮೇಲೊಂದು ಸುತ್ತಲೂ ಜೋಡಿಸಿ, ಗುಮ್ಮಟದಂಥ ಮನೆ ಕಟ್ಟುತ್ತಿದ್ದರು. ಬೇಟೆಗೆ ಹೋದವರು ದಾರಿಯಲ್ಲಿ ಕತ್ತಲಾದರೆ ಇದೇ ಕತ್ತಿಯಿಂದ ಆ ರಾತ್ರಿಗೊಂದು ಮನೆ ಎಬ್ಬಿಸುತ್ತಿದ್ದರು. ಅದು ಇಲ್ಲದಿದ್ದರೆ ಚಳಿಗೆ ಸಾಯಬೇಕು. ನಮ್ಮ ಮಲೆನಾಡಿನಲ್ಲಿ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಳ್ಳದೆ ಯಾರೂ ಕಾಡಿಗೆ ಹೋಗುವುದಿಲ್ಲವಲ್ಲ, ಹಾಗೆ.

ಹಿಮ ಕೊಯ್ಯಲು ಕಬ್ಬಿಣದ ಹರಿತ ಬೇಕಿಲ್ಲ. ದಂತ ಬೇಗ ಮುರಿಯುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಅಂಥ ಚಳಿಯಲ್ಲಿ ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅದಕ್ಕೇ ಅಂಟಿಕೊಂಡು ಸುಲಿದು ಬರುತ್ತದೆ. ದಂತ ಹಾಗೆ ಮಾಡುವುದಿಲ್ಲ.

ಮಾಡುವ ಕೆಲಸ ಮಾತ್ರ ಸುಲಭದ್ದಲ್ಲ. ದಂತದ ಮೇಲೆ ಕಲ್ಲಿನ ಮೊನೆಯಿಂದ ಗೀರಿ ಗೀರಿ ಉದ್ದಕ್ಕೂ ಕಾಲುವೆ ತೋಡಬೇಕು. ಅದರಲ್ಲಿ ಬೆಣೆ ಹೊಡೆದು ಸೀಳಬೇಕು. ಬಂದ ಸೀಳನ್ನು ಹೆರೆದು, ಕಲ್ಲಿನ ಮೇಲೆ ಉಜ್ಜಿ ಅಲಗು ತರಬೇಕು. ತೂತು ಕೊರೆಯಲು ಬಿಲ್ಲಿನ ಬೈರಿಗೆ ಇತ್ತು. ಬೈರಿಗೆಯ ತಲೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತ, ಇನ್ನೊಂದು ಕೈಯಲ್ಲಿ ದಂತ ಹಿಡಿದುಕೊಳ್ಳುತ್ತಿದ್ದರು. ಹಗ್ಗ ಸುತ್ತಿ ತಿರುಗಿಸುವ ಬೈರಿಗೆಯನ್ನು ನಮ್ಮ ಹಳೆಯ ಬಡಗಿಗಳ ಕೈಯಲ್ಲೂ ಕಂಡವರಿದ್ದೀರಿ. ಕೆಲಸದ ತತ್ವ ಒಂದೇ.

ಅಲಾಸ್ಕದ ಯುಪಿಕ್ ಜನರಲ್ಲಿ ಇನ್ನೊಂದು ಬಗೆಯ ದಂತದ ಕತ್ತಿ ಇತ್ತು. ಅದು ಏನನ್ನೂ ಕೊಯ್ಯುವುದಿಲ್ಲ. ಅದು ಕತೆ ಹೇಳುವ ಕತ್ತಿ. ಅಪ್ಪನೋ ಮಾವನೋ ಹೆಣ್ಣುಮಕ್ಕಳಿಗೆ ಕೆತ್ತಿ ಕೊಡುತ್ತಿದ್ದರು. ಹುಡುಗಿಯರು ಗುಂಪಾಗಿ ಕೂತು ಒದ್ದೆ ಮಣ್ಣಿನ ಮೇಲೆ, ಹಿಮದ ಮೇಲೆ ಆ ಕತ್ತಿಯಿಂದ ಚಿತ್ರ ಬರೆಯುತ್ತ ಕತೆ ಹೇಳುತ್ತಿದ್ದರು. ಒಂದು ಚಿತ್ರ ಮುಗಿದರೆ ಸವರಿ ಅಳಿಸಿ ಇನ್ನೊಂದು. ನಮ್ಮ ಅಂಗಳದಲ್ಲಿ ನಿನ್ನೆಯ ರಂಗೋಲಿ ಸಾರಿಸಿ ಇವತ್ತಿನದು ಹಾಕುವ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಡುಗೆಗೆ, ಚರ್ಮ ಹೆರೆಯಲು ಹೆಂಗಸರ ಬೇರೆ ಕತ್ತಿಯೇ ಇತ್ತು. ಹೆಸರು ಊಲು. ಅರ್ಧಚಂದ್ರದಂಥ ಅಲಗು, ಮೇಲೆ ಮೂಳೆಯದೋ ದಂತದ್ದೋ ಹಿಡಿ. ಈಗಲೂ ಬಳಕೆಯಲ್ಲಿದೆ, ತಾಯಿಯಿಂದ ಮಗಳಿಗೆ ಬರುತ್ತದೆ. ನಮ್ಮ ಅಡುಗೆಮನೆಯ ಮೆಟ್ಟುಗತ್ತಿ, ಈಳಿಗೆಮಣೆಗಳೂ ಹೀಗೆಯೇ ಅತ್ತೆಯಿಂದ ಸೊಸೆಗೆ ಬಂದವು.

ಆಕಾಶದಿಂದ ಬಿದ್ದ ಕಬ್ಬಿಣ

ಇನುಯಿಟ್ ಜನರಿಗೆ ಕಬ್ಬಿಣ ಗೊತ್ತೇ ಇರಲಿಲ್ಲ ಎಂದುಕೊಂಡರೆ ತಪ್ಪು. ಗ್ರೀನ್‌ಲ್ಯಾಂಡಿನ ವಾಯವ್ಯ ಕರಾವಳಿಯ ಕೇಪ್ ಯಾರ್ಕ್ ಎಂಬಲ್ಲಿ ಸಾವಿರಾರು ವರ್ಷಗಳ ಹಿಂದೆ ಆಕಾಶದಿಂದ ಉಲ್ಕೆ ಬಿದ್ದಿತ್ತು. ಅದು ಅಪ್ಪಟ ಕಬ್ಬಿಣದ ಉಲ್ಕೆ, ಜೊತೆಗೆ ಸ್ವಲ್ಪ ನಿಕ್ಕಲ್. ಅಲ್ಲಿನ ಜನ ದೊಡ್ಡ ಮೂರು ತುಂಡುಗಳಿಗೆ ಗುಡಾರ, ಹೆಂಗಸು, ನಾಯಿ ಎಂಬ ಅರ್ಥದ ಹೆಸರಿಟ್ಟಿದ್ದರು. ಬೆಂಕಿಯಿಲ್ಲ, ಕುಲುಮೆಯಿಲ್ಲ. ಗಟ್ಟಿ ಕಲ್ಲು ಹೊತ್ತು ತಂದು, ಆ ಉಲ್ಕೆಯನ್ನು ಜಜ್ಜಿ ಜಜ್ಜಿ ಚೂರು ಎಬ್ಬಿಸಿ, ಚೂರನ್ನು ತಣ್ಣಗಿರುವಾಗಲೇ ಬಡಿದು ಉಗುರಿನಷ್ಟಗಲ ಮಾಡುತ್ತಿದ್ದರು. ಅಂಥ ಚೂರುಗಳನ್ನು ದಂತದ ಹಿಡಿಯ ಅಂಚಿನಲ್ಲಿ ಸಾಲಾಗಿ ಕೂರಿಸಿದರೆ ಒಂದು ಚಾಕು. ಹಾಗೆ ಜಜ್ಜಿದ ಕಲ್ಲುಗಳ ರಾಶಿ ಉಲ್ಕೆ ಇದ್ದ ಜಾಗದಲ್ಲಿ ಈಗಲೂ ಕಾಣುತ್ತದೆ.

1818ರಲ್ಲಿ ಜಾನ್ ರಾಸ್ ಎಂಬ ಬ್ರಿಟಿಷ್ ನೌಕಾಧಿಕಾರಿ ಆ ಕರಾವಳಿಗೆ ಹೋದ. ಅವನ ಹಡಗಿನಲ್ಲಿ ಗ್ರೀನ್‌ಲ್ಯಾಂಡಿನವನೇ ಆದ ಜಾನ್ ಸಕೂಸ್ ದುಭಾಷಿಯಾಗಿದ್ದ. ಮರವೇ ಬೆಳೆಯದ ನೆಲದ ಜನರ ಕೈಯಲ್ಲಿ ಕಬ್ಬಿಣದ ಅಂಚಿನ ಚಾಕು ಕಂಡು ರಾಸ್ ಬೆರಗಾದ. ಕೆಲವನ್ನು ಇಂಗ್ಲೆಂಡಿಗೆ ಒಯ್ದ. ಮುಂದೆ ಅಮೆರಿಕದ ರಾಬರ್ಟ್ ಪಿಯರಿ ಬಂದು, 1897ರ ಹೊತ್ತಿಗೆ ಆ ಮೂರು ದೊಡ್ಡ ತುಂಡುಗಳನ್ನೂ ಹಡಗಿಗೆ ಹೇರಿಸಿ ನ್ಯೂಯಾರ್ಕಿಗೆ ಸಾಗಿಸಿದ. ಎಲ್ಲಕ್ಕಿಂತ ದೊಡ್ಡದು ಸುಮಾರು 31 ಟನ್ ತೂಕದ್ದು. ಅದು ಈಗಲೂ ಅಲ್ಲಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿದೆ.

ಪಿಯರಿ ಕಬ್ಬಿಣ ಮಾತ್ರ ಒಯ್ಯಲಿಲ್ಲ. ಅದೇ 1897ರ ಹಡಗಿನಲ್ಲಿ ಆರು ಮಂದಿ ಇನುಯಿಟ್ ಜನರನ್ನೂ ಕರೆದೊಯ್ದ. ಅವರಲ್ಲಿ ನಾಲ್ವರು ಒಂದೇ ವರ್ಷದೊಳಗೆ ಕಾಯಿಲೆಯಿಂದ ತೀರಿಕೊಂಡರು. ಅವರ ಮೂಳೆಗಳನ್ನು ಮ್ಯೂಸಿಯಂ ಇಟ್ಟುಕೊಂಡಿತು. ಅವು ಊರಿಗೆ ವಾಪಸಾಗಿ ಮಣ್ಣಾದದ್ದು 1993ರಲ್ಲಿ. ಮ್ಯೂಸಿಯಂನಲ್ಲಿ ಹಳೆಯ ಕತ್ತಿಯೊಂದನ್ನು ನೋಡುವಾಗ ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಬೇಕು ಎನ್ನುವುದು ಇದಕ್ಕೇ.

ಬೆಂಕಿಪುರದ ಬೆಂಕಿ

ರಾಸ್ ಆ ಚಾಕು ಕಂಡ ಸರಿಯಾಗಿ ನೂರು ವರ್ಷಕ್ಕೆ, 1918ರಲ್ಲಿ, ಭದ್ರೆಯ ದಡದಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆ ಅದು. ಕಾರ್ಖಾನೆಯ ಮೊದಲ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಕಟ್ಟಿಗೆ ಇದೆ, ಗಮನಿಸಿ. 1923ರಲ್ಲಿ ಕುಲುಮೆ ಹೊತ್ತಿತು. ಅದಿರು ಬರುತ್ತಿದ್ದದ್ದು ಬಾಬಾಬುಡನ್ ಗಿರಿಸಾಲಿನ ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲು ನಮ್ಮ ಕಡೆ ಇಲ್ಲ. ಹಾಗಾಗಿ ಸುತ್ತಲಿನ ಕಾಡಿನ ಮರ ಕಡಿದು, ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಅದಿರು ಕರಗಿಸಿದರು.

ಇದ್ದಿಲಿನಲ್ಲಿ ಕಬ್ಬಿಣ ಕರಗಿಸುವುದು ನಮ್ಮ ನಾಡಿಗೆ ಹೊಸದಲ್ಲ. ತುಂಗಭದ್ರೆಯ ದಡದ ಹಳ್ಳೂರು ಈಗ ಹಾವೇರಿ ಜಿಲ್ಲೆಯಲ್ಲಿದೆ, ನಮ್ಮ ಗಡಿಗೆ ಹತ್ತಿರ. ಅಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ಸುಮಾರು ಮೂರು ಸಾವಿರ ವರ್ಷ ಹಿಂದಿನ ಕಬ್ಬಿಣದ ಸಾಮಾನು ಸಿಕ್ಕಿತು. ಆ ಕಾಲದಿಂದ ಮೊನ್ನೆ ಮೊನ್ನೆಯವರೆಗೂ ಊರೂರಿನ ಕಮ್ಮಾರರು ತಿದಿ ಒತ್ತಿ, ಕುಲುಮೆ ಉರಿಸಿ, ಕುಡುಗೋಲು, ಕತ್ತಿ, ನೇಗಿಲಗುಳ ಮಾಡಿಕೊಟ್ಟರು. ಭದ್ರಾವತಿಯಲ್ಲಿ ಅದೇ ಕೆಲಸ ಕಾರ್ಖಾನೆಯ ಅಳತೆಗೆ ಬೆಳೆಯಿತು. ಸಾವಿರಾರು ಮನೆಗಳ ಒಲೆ ಅದರಿಂದ ಉರಿಯಿತು. ಹಾಗಾಗಿಯೇ 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿ ಬಂದಾಗ ಇಡೀ ಊರು ಬೀದಿಗೆ ಬಂತು.

ಒಂದು ಮಾತು ಮಾತ್ರ ಮರೆಯಬಾರದು. ಆ ಇದ್ದಿಲಿಗೆ ಹೋದದ್ದು ಆನೆಗಳಿದ್ದ ಕಾಡು. ದಂತಕ್ಕಾಗಿ ಬಂದೂಕು ಆನೆಯನ್ನು ಕೊಂದರೆ, ಕಬ್ಬಿಣಕ್ಕಾಗಿ, ಅಣೆಕಟ್ಟಿಗಾಗಿ, ತೋಟಕ್ಕಾಗಿ ಆನೆಯ ನೆಲ ಕಡಿಮೆಯಾಯಿತು. ಈಗ ಭದ್ರಾ ಅಭಯಾರಣ್ಯದ ಅಂಚಿನ ಹಳ್ಳಿಗಳಲ್ಲಿ ರಾತ್ರಿ ಬಾಳೆ, ಅಡಿಕೆ, ಭತ್ತಕ್ಕೆ ಆನೆ ನುಗ್ಗುವಾಗ ನಾವು ಆನೆಯನ್ನು ಬೈಯುತ್ತೇವೆ. ಬೆಳೆ ಕಳೆದುಕೊಂಡವರ ಸಂಕಟ ನಿಜ, ಅದನ್ನು ಸಣ್ಣದು ಮಾಡುವಂತಿಲ್ಲ. ಆನೆಯ ಲೆಕ್ಕವೂ ಅದರ ಜೊತೆಗೇ ಇದೆ.

ಮೀನಿನ ಹಲ್ಲು ನಮ್ಮ ದೇಶಕ್ಕೆ ಬಂದದ್ದು

ವಾಲ್ರಸ್ ದಂತ ನಮ್ಮ ದೇಶಕ್ಕೂ ಬಂದಿತ್ತು ಎಂದು ಓದಿದಾಗ ನಮಗೇ ನಂಬಿಕೆ ಬರಲಿಲ್ಲ. ರಷ್ಯಾದ ಉತ್ತರ ಕಡಲಿನಿಂದ ವ್ಯಾಪಾರಿಗಳು ಅದನ್ನು ಪರ್ಷಿಯಾಕ್ಕೆ ತರುತ್ತಿದ್ದರು. ಅಲ್ಲಿಂದ ಮೊಗಲರ ಆಸ್ಥಾನಕ್ಕೆ. ಆ ಪ್ರಾಣಿಯನ್ನು ಇಲ್ಲಿ ಯಾರೂ ಕಂಡಿರಲಿಲ್ಲ. ಹಾಗಾಗಿ ಅದಕ್ಕೆ 'ಮೀನಿನ ಹಲ್ಲು' ಎಂದೇ ಹೆಸರು. ಜಹಾಂಗೀರ್ ಬಾದಷಹನಿಗೆ ಅದರ ಮೇಲೆ ಬಹಳ ಆಸೆ. ಬಣ್ಣ ಬಣ್ಣದ ಮಚ್ಚೆ ಇರುವ ಹಲ್ಲು ಹುಡುಕಿಸಿ ತರಿಸಿ ಕಠಾರಿಗೆ ಹಿಡಿ ಮಾಡಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಖುಷಿಯಿಂದ ಬರೆದುಕೊಂಡಿದ್ದಾನೆ. ಆ ಹಿಡಿ ಕೆತ್ತಿದ ಪೂರಣ್, ಕಲ್ಯಾಣ್ ಎಂಬ ಕುಶಲಕರ್ಮಿಗಳ ಹೆಸರನ್ನೂ ದಾಖಲಿಸಿದ್ದಾನೆ. ಕೆತ್ತಿದವರ ಹೆಸರು ಇತಿಹಾಸದಲ್ಲಿ ಉಳಿಯುವುದು ಅಪರೂಪ.

ಇನ್ನೊಂದು ಸಂಗತಿ ಇದಕ್ಕೆ ತಿರುವುಮುರುವು. ಚದುರಂಗ ನಮ್ಮ ದೇಶದಲ್ಲಿ ಹುಟ್ಟಿ ಪರ್ಷಿಯಾ, ಅರಬ್ ನಾಡುಗಳ ಮೂಲಕ ಯುರೋಪಿಗೆ ಹೋಯಿತು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಹೊರಬಿದ್ದ, 12ನೇ ಶತಮಾನದ ಪ್ರಸಿದ್ಧ ಚದುರಂಗದ ಕಾಯಿಗಳಲ್ಲಿ ಹೆಚ್ಚಿನವು ವಾಲ್ರಸ್ ದಂತದವು. ನಮ್ಮ ಆಟ ಅತ್ತ ಹೋಯಿತು, ಅವರ ಹಲ್ಲು ಇತ್ತ ಬಂತು.

ನಮ್ಮಲ್ಲಿ ದಂತವೆಂದರೆ ಆನೆಯದು. ಕೊಡವರ ಪೀಚೆಕತ್ತಿ ನೋಡಿದವರಿಗೆ ಗೊತ್ತು, ಹಳೆಯ ಪೀಚೆಕತ್ತಿಗಳ ಹಿಡಿಯಲ್ಲಿ, ಒರೆಯಲ್ಲಿ ಬೆಳ್ಳಿಯ ಜೊತೆ ದಂತವೂ ಇರುತ್ತಿತ್ತು. ಅಲಗು ಕಬ್ಬಿಣ, ಹಿಡಿ ದಂತ. ಕೇಪ್ ಯಾರ್ಕಿನ ಚಾಕುವಿನ ಜೋಡಿಯೂ ಅದೇ. ಎರಡು ಕಡೆಯ ಜನ ಒಬ್ಬರನ್ನೊಬ್ಬರು ಕಂಡವರಲ್ಲ. ಕೈಗೆ ಯಾವುದು ಹಿತ, ಕೊಯ್ಯಲು ಯಾವುದು ಗಟ್ಟಿ ಎಂಬ ತಿಳಿವಳಿಕೆ ಇಬ್ಬರದೂ ಒಂದೇ.

ಗುಡಿಗಾರರ ಉಳಿ

ದಂತದ ಕೆಲಸ ನಮ್ಮ ದೇಶದಲ್ಲಿ ಎಷ್ಟು ಹಳೆಯದು ಎಂದರೆ, ಮಧ್ಯಪ್ರದೇಶದ ಸಾಂಚಿಯ ದಕ್ಷಿಣ ತೋರಣದ ಕೆತ್ತನೆ ಮಾಡಿದವರು ವಿದಿಶೆಯ ದಂತಕಾರರು ಎಂದು ಆ ಕಲ್ಲಿನ ಮೇಲೆಯೇ ಬರೆದಿದೆ. ಅದು ಎರಡು ಸಾವಿರ ವರ್ಷ ಹಿಂದಿನ ಮಾತು. ದಂತದಲ್ಲಿ ಪಳಗಿದ ಕೈ ಕಲ್ಲಿನಲ್ಲೂ ಕೆತ್ತಿತು.

ನಮ್ಮ ಜಿಲ್ಲೆಯಲ್ಲಿ ಆ ಕೈ ಗುಡಿಗಾರರದು. ಸಾಗರ, ಸೊರಬ ತಾಲ್ಲೂಕುಗಳಲ್ಲಿ, ಪಕ್ಕದ ಉತ್ತರ ಕನ್ನಡದಲ್ಲಿ ಇವರ ಮನೆಗಳಿವೆ. ಪೂರ್ವಿಕರು ಗೋವಾ ಕಡೆಯಿಂದ ಬಂದವರು ಎಂದು ಸಮುದಾಯದಲ್ಲಿ ಹೇಳಿಕೊಳ್ಳುವ ಮಾತಿದೆ. ಗಂಧದ ಪೆಟ್ಟಿಗೆ, ದೇವರ ಮೂರ್ತಿ, ದಂತದ ಕೆತ್ತನೆ ಇವರ ಕಸುಬು. ಮದುವೆಯ ಬೆಂಡಿನ ಬಾಸಿಂಗವೂ ಇವರದೇ. ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್‌ನಲ್ಲೂ ಇವರ ಕೆತ್ತನೆಯ ಹೊಗಳಿಕೆ ಇದೆ. ಬಳ್ಳಿ, ಎಲೆ, ಹೂವು, ನಡುವೆ ಹಕ್ಕಿ, ಆನೆ, ಸಿಂಹ, ದೇವರು. ಒಂದಿಂಚು ಜಾಗವೂ ಖಾಲಿ ಬಿಡದ ಕೆಲಸ. ಗರಗಸ, ಅರ, ಕೊಡತಿ, ಮತ್ತೆ ದೊಡ್ಡದರಿಂದ ಸೂಜಿಯಷ್ಟು ಸಣ್ಣದರವರೆಗೆ ಉಳಿಗಳ ಸಾಲು, ಇಷ್ಟೇ ಅವರ ಸಲಕರಣೆ.

ಗಂಧದ ಮರಕ್ಕೂ ದಂತಕ್ಕೂ ಒಂದು ಹೋಲಿಕೆ ಇದೆ. ಎರಡೂ ಒತ್ತಾದ, ಸಣ್ಣ ಎಳೆಯ ವಸ್ತು. ಉಳಿ ಹೇಳಿದ ಮಾತು ಕೇಳುತ್ತವೆ. ಸಣ್ಣ ಗೆರೆಯೂ ಮುಕ್ಕಾಗದೆ ನಿಲ್ಲುತ್ತದೆ. ಹಾಗಾಗಿ ಗಂಧ ಕೆತ್ತುವವರೇ ದಂತವನ್ನೂ ಕೆತ್ತಿದರು. ಗಂಧವೂ ದಂತವೂ ಬಡವರ ಸೊತ್ತಲ್ಲ. ವಸ್ತು ಅರಮನೆಯದು, ಶ್ರೀಮಂತರದು. ಕೈ ಮಾತ್ರ ಗುಡಿಗಾರರದು.

ಹಲ್ಲು ಕಿತ್ತರೆ ಆನೆ ಉಳಿಯುವುದಿಲ್ಲ

ಈಗ ನಿಜವಾದ ತೊಡಕಿಗೆ ಬರೋಣ. ಆನೆಯ ದಂತ ಎಂದರೆ ಮೇಲ್ದವಡೆಯ ಬಾಚಿಹಲ್ಲು. ಹೊರಗೆ ಕಾಣುವುದಷ್ಟೇ ದಂತವಲ್ಲ. ಸುಮಾರು ಮೂರರಲ್ಲೊಂದು ಪಾಲು ತಲೆಬುರುಡೆಯ ಒಳಗಿರುತ್ತದೆ, ಅದರೊಳಗೆ ಜೀವವಿರುವ ಮಾಂಸ, ನರ ಇರುತ್ತವೆ. ಪೂರ್ತಿ ದಂತ ಬೇಕು ಎಂದರೆ ಆನೆ ಸಾಯಲೇಬೇಕು. ಸಾಕಾನೆಯ ದಂತ ಉದ್ದವಾದಾಗ ತುದಿ ಕತ್ತರಿಸುವುದು ಬೇರೆ ಮಾತು. ಅದು ಉಗುರು ತೆಗೆದಂತೆ. ಹಾಗೆ ತೆಗೆದ ತುಂಡನ್ನು ತೂಕ ಹಾಕಿ ಅರಣ್ಯ ಇಲಾಖೆಯ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ಅಂಗಡಿಗೆ ಬರುವುದಿಲ್ಲ.

ನಮ್ಮ ಆನೆಗಳಲ್ಲಿ ದೊಡ್ಡ ದಂತ ಇರುವುದು ಗಂಡಿಗೆ ಮಾತ್ರ. ಗಂಡಿನಲ್ಲೂ ದಂತ ಬಾರದ ಮಖ್ನಾ ಇರುತ್ತವೆ. ಹಾಗಾಗಿ ದಂತಗಳ್ಳರ ಗುಂಡಿಗೆ ಬಲಿಯಾದವು ಗಂಡಾನೆಗಳು. ದಕ್ಷಿಣದ ಕಾಡುಗಳಲ್ಲಿ 1970, 80ರ ದಶಕಗಳಲ್ಲಿ ಇದು ಮಿತಿಮೀರಿತು. ಕೇರಳದ ಪೆರಿಯಾರ್ ಕಾಡಿನಲ್ಲಿ ಒಂದು ಹಂತದಲ್ಲಿ ಒಂದು ವಯಸ್ಕ ಗಂಡಿಗೆ ನೂರಕ್ಕೂ ಹೆಚ್ಚು ಹೆಣ್ಣಾನೆಗಳು ಎಂಬ ಲೆಕ್ಕ ಸಿಕ್ಕಿತು. ಮರಿ ಹುಟ್ಟುವುದು ಹೇಗೆ?

ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. 1977ರಲ್ಲಿ ಆನೆ ಅತ್ಯಂತ ಬಿಗಿ ರಕ್ಷಣೆಯ ಮೊದಲ ಪಟ್ಟಿಗೆ ಸೇರಿತು. 1986ರ ತಿದ್ದುಪಡಿಯಿಂದ ನಮ್ಮ ಆನೆಯ ದಂತದ ವ್ಯಾಪಾರ ಪೂರ್ತಿ ನಿಂತಿತು. ಆಫ್ರಿಕದಿಂದ ತರಿಸಿದ ದಂತ ಎಂದು ಹೇಳಿ ಮಾರುವ ದಾರಿ ಉಳಿದಿತ್ತು, 1991ರಲ್ಲಿ ಅದೂ ಮುಚ್ಚಿತು. ದಂತದ ವರ್ತಕರು ಕೋರ್ಟಿಗೆ ಹೋದರು. 2003ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನೇ ಎತ್ತಿಹಿಡಿಯಿತು.

ಅದೇ 1972ರಲ್ಲಿ ಅಮೆರಿಕದಲ್ಲೂ ಒಂದು ಕಾಯ್ದೆ ಬಂತು, ಕಡಲ ಸಸ್ತನಿಗಳ ರಕ್ಷಣೆಗೆ. ವಾಲ್ರಸ್ ಬೇಟೆ ನಿಷೇಧವಾಯಿತು. ಆದರೆ ಒಂದು ವಿನಾಯಿತಿ ಇಟ್ಟರು. ಅಲಾಸ್ಕ ಕರಾವಳಿಯ ಮೂಲನಿವಾಸಿಗಳು ಹೊಟ್ಟೆಪಾಡಿಗೆ ವಾಲ್ರಸ್ ಬೇಟೆಯಾಡಬಹುದು, ದಂತದಲ್ಲಿ ಕೆತ್ತಿ ಮಾರಬಹುದು, ಹಾಳು ಮಾಡುವಂತಿಲ್ಲ. ಹಾಗಾಗಿ ಅಲ್ಲಿ ಇವತ್ತಿಗೂ ದಂತದ ಕೆತ್ತನೆ ನಡೆದಿದೆ. ಇತ್ತೀಚೆಗೆ ಅಮೆರಿಕದ ಕೆಲವು ರಾಜ್ಯಗಳು ಆನೆ ಉಳಿಸಲೆಂದು ಎಲ್ಲ ಬಗೆಯ ದಂತವನ್ನೂ ಒಟ್ಟಿಗೆ ನಿಷೇಧಿಸಿದಾಗ ಅಲಾಸ್ಕದ ಕೆತ್ತನೆಗಾರರು ತಮ್ಮ ಅನ್ನಕ್ಕೆ ಕಲ್ಲು ಬಿತ್ತು ಎಂದು ದೂರಿದರು.

ಒಂದೇ ವರ್ಷದ ಎರಡು ಕಾಯ್ದೆ. ಅಲ್ಲಿ ಕೆತ್ತುವವರಿಗೆ ಜಾಗ ಉಳಿಯಿತು, ಇಲ್ಲಿ ಉಳಿಯಲಿಲ್ಲ. ಹಾಗಾದರೆ ನಮ್ಮ ಕಾಯ್ದೆ ತಪ್ಪೇ? ನಾವು ಈ ಬಗ್ಗೆ ನಮ್ಮಲ್ಲೇ ಸಾಕಷ್ಟು ವಾದ ಮಾಡಿದೆವು. ತಪ್ಪಲ್ಲ ಎಂಬುದು ನಮ್ಮ ಕೊನೆಯ ಮಾತು. ಅಲಾಸ್ಕದಲ್ಲಿ ಬೇಟೆಯಾಡುವವರೂ, ತಿನ್ನುವವರೂ, ಕೆತ್ತುವವರೂ ಒಂದೇ ಊರಿನ ಜನ. ಪ್ರಾಣಿ ಮುಗಿದರೆ ಮೊದಲು ಉಪವಾಸ ಬೀಳುವವರು ಅವರೇ. ನಮ್ಮಲ್ಲಿ ಕೊಲ್ಲುವವನು ಒಬ್ಬ, ಸಾಗಿಸುವವನು ಇನ್ನೊಬ್ಬ, ಕೆತ್ತುವವನು ಮತ್ತೊಬ್ಬ, ದುಡ್ಡು ಎಣಿಸುವವನು ಎಲ್ಲೋ ದೊಡ್ಡ ಪಟ್ಟಣದಲ್ಲಿ. ಈ ಸರಪಳಿಯಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟರೂ ಕದ್ದ ದಂತವೆಲ್ಲ ಅದರೊಳಗೆ ನುಸುಳುತ್ತದೆ. ಆಫ್ರಿಕದ ದಂತದ ಹೆಸರಿನ ದಾರಿಯನ್ನು 1991ರಲ್ಲಿ ಮುಚ್ಚಬೇಕಾಗಿ ಬಂದದ್ದು ಹಾಗೆಯೇ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಕಾಯ್ದೆ ಇಲ್ಲದಿದ್ದರೆ ಈ ಸಂಖ್ಯೆ ಬರೆಯಲು ನಮಗೆ ಸಿಗುತ್ತಿರಲಿಲ್ಲ.

ಕಾಯ್ದೆ ಸರಿ. ಆದರೆ ಅದರ ಬೆಲೆ ಕೊಟ್ಟವರು ಯಾರು ಎಂದು ಕೇಳುವುದೂ ಸರಿಯೇ. ದಂತ ಕೊಂಡು ಗಾಜಿನ ಬೀರುವಿನಲ್ಲಿಟ್ಟವರು ಕೊಡಲಿಲ್ಲ. ಉಳಿ ಹಿಡಿದವರು ಕೊಟ್ಟರು. ದಂತ ಹೋಯಿತು. ಆಮೇಲೆ ಗಂಧವೂ ಕಾಡಿನಿಂದ ಖಾಲಿಯಾಗುತ್ತ ಬಂತು. ಶಿವಮೊಗ್ಗದಲ್ಲಿ 1944ರಲ್ಲಿ ಸರ್ಕಾರದ ಗಂಧದೆಣ್ಣೆ ಕಾರ್ಖಾನೆಯೇ ಶುರುವಾಗಿತ್ತು, ಅಷ್ಟು ಗಂಧ ಇದ್ದ ಸೀಮೆ ಇದು. ಈಗ ಕೆತ್ತನೆಗೆ ಒಳ್ಳೆಯ ಗಂಧದ ತುಂಡು ಸಿಗುವುದೇ ಕಷ್ಟ, ಸಿಕ್ಕರೂ ಬೆಲೆ ಕೈಗೆಟುಕುವುದಿಲ್ಲ. ಗುಡಿಗಾರರು ಶಿವಣೆಯಂಥ ಬೇರೆ ಮರಗಳಿಗೆ ಹೊರಳಿದರು. ಮೈಸೂರಿನ ಬೀಟೆಮರದ ಕುಸುರಿ ಕೆಲಸದಲ್ಲಿ ದಂತದ ಬಿಳುಪು ಇದ್ದ ಜಾಗಕ್ಕೆ ಪ್ಲಾಸ್ಟಿಕ್ ಮತ್ತು ತಿಳಿಬಣ್ಣದ ಮರ ಬಂದವು. ಕೆಲಸ ಉಳಿಯಿತು, ವಸ್ತು ಬದಲಾಯಿತು. ಮಗ ಮಾತ್ರ ಎಷ್ಟೋ ಮನೆಗಳಲ್ಲಿ ಬೇರೆ ಕೆಲಸ ಹುಡುಕಿ ಬೆಂಗಳೂರಿಗೆ ಹೋದ.

ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಒಂದಿದ್ದರೆ

ಇಷ್ಟು ಓದಿದ ಮೇಲೆ ಅಜ್ಜನ ಕಾಲದ ಬಿಳಿ ಹಿಡಿಯ ಚೂರಿ ಯಾರಿಗಾದರೂ ನೆನಪಾಗಿರಬಹುದು. ಅದು ದಂತವೋ, ಮೂಳೆಯೋ, ಪ್ಲಾಸ್ಟಿಕ್ಕೋ?

ಆನೆ ದಂತವನ್ನು ಅಡ್ಡಕ್ಕೆ ಕೊಯ್ದ ಮುಖದಲ್ಲಿ ಸಣ್ಣ ಗೆರೆಗಳು ಒಂದನ್ನೊಂದು ದಾಟುತ್ತ ಬಲೆ ಹೆಣೆದಂತೆ ಕಾಣುತ್ತವೆ. ವಾಲ್ರಸ್ ದಂತದ ಹೊರಗಿನ ಪದರ ನುಣ್ಣಗಿರುತ್ತದೆ, ನಡುವಿನ ತಿರುಳು ಅಕ್ಕಿ ಪಾಯಸ ಹೆಪ್ಪುಗಟ್ಟಿದಂತೆ ಕಾಳು ಕಾಳಾಗಿ ಕಾಣುತ್ತದೆ. ಮೂಳೆಯಲ್ಲಿ ರಕ್ತನಾಳ ಹಾದುಹೋದ ಸಣ್ಣ ಸಣ್ಣ ಕಪ್ಪು ಚುಕ್ಕೆ, ಗೀರು ಇರುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಇವು ಯಾವುವೂ ಇಲ್ಲ. ಕಾದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಸಾಮಾನು ಹಾಳಾಗುತ್ತದೆ.

ದಂತವೇ ಎಂದು ಅನುಮಾನ ಬಂದರೆ ನೆನಪಿಡಬೇಕಾದದ್ದು ಇಷ್ಟು. ಆನೆ ದಂತದ ವಸ್ತುವನ್ನು ಎಷ್ಟೇ ಹಳೆಯದಾದರೂ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಇಟ್ಟುಕೊಳ್ಳಲೂ ಮುಖ್ಯ ವನ್ಯಜೀವಿ ಪರಿಪಾಲಕರು ಕೊಟ್ಟ ಮಾಲೀಕತ್ವದ ಪ್ರಮಾಣಪತ್ರ ಬೇಕು. ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು 2003ರ ನಿಯಮದಲ್ಲಿ 180 ದಿನದ ಅವಕಾಶ ಕೊಟ್ಟಿದ್ದರು. ಹಳ್ಳಿಗಳಲ್ಲಿ ಎಷ್ಟೋ ಮನೆಯವರಿಗೆ ಆ ಸುದ್ದಿ ಮುಟ್ಟಲೇ ಇಲ್ಲ. 2022ರ ತಿದ್ದುಪಡಿಯ ಪ್ರಕಾರ ಪ್ರಮಾಣಪತ್ರ ಇದ್ದವರು ಬೇಡವೆನಿಸಿದರೆ ಇಲಾಖೆಗೆ ಒಪ್ಪಿಸಬಹುದು, ಪರಿಹಾರ ಮಾತ್ರ ಸಿಗುವುದಿಲ್ಲ. ಪತ್ರ ಇಲ್ಲದವರು ಮೊದಲು ತಿಳಿದ ವಕೀಲರ ಹತ್ತಿರ ಕೇಳಿ, ಆಮೇಲೆ ಅರಣ್ಯ ಇಲಾಖೆಯ ಕಚೇರಿಗೆ ಹೋಗುವುದು ಒಳ್ಳೆಯದು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್ ರಾಜ್ಯದಲ್ಲೆಲ್ಲ ಎಷ್ಟು ಗದ್ದಲ ಎಬ್ಬಿಸಿತು ಎಂಬುದು ನಿಮಗೆ ನೆನಪಿರಬೇಕು. ಫೋಟೊ ತೆಗೆದು ವಾಟ್ಸಾಪ್‌ನಲ್ಲಿ 'ಇದಕ್ಕೆ ಎಷ್ಟು ಬರಬಹುದು' ಎಂದು ಕೇಳುವ ತಪ್ಪಂತೂ ಮಾಡಬೇಡಿ. ದಂತ ಇದ್ದರೆ ಹೇಳಿ, ಒಳ್ಳೆ ಬೆಲೆ ಕೊಡಿಸುತ್ತೇನೆ ಎಂದು ಬರುವವನನ್ನು ಬಾಗಿಲಲ್ಲೇ ಕಳಿಸಿ. ಜೈಲಿಗೆ ಹೋಗುವಾಗ ಅವನು ನಿಮ್ಮ ಜೊತೆ ಬರುವುದಿಲ್ಲ.

ಉಳಿಸಿಕೊಳ್ಳಬಹುದಾದದ್ದು

ಹಲ್ಲಿನಲ್ಲಿ ಕತ್ತಿ ಮಾಡುವ ಕಾಲ ನಮ್ಮಲ್ಲಿ ಮುಗಿದಿದೆ. ಮುಗಿದದ್ದು ಒಳ್ಳೆಯದೇ. ಆದರೆ ಅಲಾಸ್ಕದ ಅಜ್ಜಿಯರು ಕತೆಯ ಕತ್ತಿಯಿಂದ ಬರೆಯುತ್ತಿದ್ದ ಚಿತ್ರಗಳನ್ನು, ಅವುಗಳ ಜೊತೆಗಿನ ಕತೆಗಳನ್ನು ಸಂಶೋಧಕರು ಕೂತು ಕೇಳಿ ಬರೆದಿಟ್ಟಿದ್ದಾರೆ. ಇವತ್ತಿನ ಮಕ್ಕಳು ಬೆಣ್ಣೆ ಸವರುವ ಚಾಕುವಿನಲ್ಲೋ ಕಡ್ಡಿಯಲ್ಲೋ ಅವೇ ಚಿತ್ರ ಬರೆಯಬಲ್ಲರು. ದಂತ ಹೋದರೂ ಕತೆ ಉಳಿಯಿತು.

ನಮ್ಮ ಜಿಲ್ಲೆಯಲ್ಲಿ ಆ ಕೆಲಸ ಬಾಕಿ ಇದೆ. ಗುಡಿಗಾರರ ಮನೆಯಲ್ಲಿ ಪ್ರತಿ ಉಳಿಗೂ ಒಂದು ಹೆಸರಿದೆ, ಪ್ರತಿ ಬಳ್ಳಿಯ ತಿರುವಿಗೂ ಒಂದು ಹೆಸರಿದೆ. ಕಮ್ಮಾರರ ಕುಲುಮೆಯಲ್ಲಿ ಕಬ್ಬಿಣ ಕಾಯುವಾಗಿನ ಒಂದೊಂದು ಬಣ್ಣಕ್ಕೂ ಒಂದು ಮಾತಿದೆ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಬಾಯಲ್ಲಿ ಕುಲುಮೆಯ ಮುಂದಿನ ಪಾಳಿಗಳ ನೆನಪಿದೆ. ಇವುಗಳಲ್ಲಿ ಹೆಚ್ಚಿನವು ಯಾವ ಪುಸ್ತಕದಲ್ಲೂ ಇಲ್ಲ, ಹೇಳುವವರ ವಯಸ್ಸು ಎಪ್ಪತ್ತು ದಾಟಿದೆ.

ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಈ ವಾರ ಒಂದು ಗಂಟೆ ಅವರ ಹತ್ತಿರ ಕೂತು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ. ಸಲಕರಣೆ ಒಂದೊಂದನ್ನೇ ಕೈಗೆ ಕೊಟ್ಟು 'ಇದರ ಹೆಸರೇನು, ಇದನ್ನು ಯಾತಕ್ಕೆ ಬಳಸುತ್ತಿದ್ದಿರಿ' ಎಂದು ಕೇಳಿ. ಅವರು ಒಪ್ಪಿದರೆ ನಮಗೂ ಕಳಿಸಿ. ಅವರ ಮಾತನ್ನು ಅವರ ಮಾತಿನಲ್ಲೇ ಬರೆದು ಇಲ್ಲಿ ಹಾಕುತ್ತೇವೆ.